ಮಾಲಂ ಜುಮತ್ ಕ್ಲಿವೊನ್ ರಾತ್ರಿ ಸಡಾಕೊ: ಜಕಾರ್ತಾದ ಒಂದು ಪುಟ್ಟ ಪ್ರದರ್ಶನ ಕೋಣೆಯ ವಿಮರ್ಶೆ

ಜಪಾನಿನ ದೆವ್ವದ ಸಿನಿಮಾ ನೋಡೋಕೆ ಜಕಾರ್ತಾದಲ್ಲಿ ಒಳ್ಳೆ ಜಾಗ ಯಾವುದು ಅಂತ ಕೇಳಿದರೆ ನಾನು ಮಾಲ್‌ಗಳ ದೊಡ್ಡ ಪರದೆ ಕಡೆಗೆ ಕೈ ತೋರಿಸುವುದಿಲ್ಲ. ನಗರದ ದಕ್ಷಿಣದಲ್ಲಿ, ಚಿಪೇಟೆ ರಾಯ ಎಂಆರ್‌ಟಿ (ಇಲ್ಲಿನ ಮೆಟ್ರೊ) ನಿಲ್ದಾಣದಿಂದ ನಡೆದೇ ಹೋಗಬಹುದಾದ ದೂರದಲ್ಲಿ, ಒಂದು ಕಾಫಿ ಅಂಗಡಿಯ ಮಹಡಿ ಮೇಲೆ ನಲವತ್ತು ಜನ ಕೂರುವ ಕೋಣೆ ಇದೆ. ಅಲ್ಲಿಗೆ ಹೋಗಿ ಅನ್ನುತ್ತೇನೆ. ಹೆಸರು ಬರೆಯುತ್ತಿಲ್ಲ. ನಡೆಸುವವರೇ ಬೇಡ ಅಂದರು. ಇರುವ ನಲವತ್ತು ಜಾಗ ವಾಟ್ಸಾಪ್ ಗುಂಪಿನಲ್ಲೇ ತುಂಬಿಹೋಗುತ್ತದೆ, ಹೊರಗಿನಿಂದ ಬಂದವರನ್ನು ಬಾಗಿಲಲ್ಲಿ ವಾಪಸ್ ಕಳಿಸಲು ಅವರಿಗೆ ಮನಸ್ಸಿಲ್ಲ.

ಟಿಕೆಟ್ 60 ಸಾವಿರ ರುಪಿಯಾ, ಜೊತೆಗೆ ಒಂದು ಲೋಟ ಬಿಸಿ ಟೀ. ನಾಲ್ಕು ಸಿನಿಮಾದ ಸರಣಿಗೆ ಒಟ್ಟಿಗೆ ಕೊಟ್ಟರೆ 200 ಸಾವಿರ. ಸಬ್‌ಟೈಟಲ್ ಇಂಡೊನೇಷ್ಯನ್ ಭಾಷೆಯಲ್ಲಿ ಮಾತ್ರ, ಇಂಗ್ಲಿಷ್ ಇಲ್ಲ. ಸಿನಿಮಾ ಮುಗಿದ ಮೇಲೆ ಮಾತುಕತೆಯೂ ಅದೇ ಭಾಷೆಯಲ್ಲಿ. ಭಾಷೆ ಸ್ವಲ್ಪವಾದರೂ ಬರದಿದ್ದರೆ ಕಷ್ಟ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಪ್ರದರ್ಶನ ಇರುವುದು ಮಾಲಂ ಜುಮತ್ ಕ್ಲಿವೊನ್ ರಾತ್ರಿಗಳಲ್ಲಿ ಮಾತ್ರ. ಇಲ್ಲಿನ ಲೆಕ್ಕದಲ್ಲಿ ದಿನ ಶುರುವಾಗುವುದು ಸೂರ್ಯ ಮುಳುಗಿದ ಮೇಲೆ. ಹಾಗಾಗಿ ನಮ್ಮ ಗುರುವಾರ ರಾತ್ರಿ ಇವರಿಗೆ ಶುಕ್ರವಾರದ ರಾತ್ರಿ. ಜಾವಾದ ಪಂಚಾಂಗದಲ್ಲಿ ಏಳು ದಿನದ ವಾರದ ಪಕ್ಕದಲ್ಲೇ ಐದು ದಿನದ ಇನ್ನೊಂದು ವಾರವೂ ಓಡುತ್ತಿರುತ್ತದೆ. ಆ ಐದರಲ್ಲಿ ಕ್ಲಿವೊನ್ ಒಂದು. ಶುಕ್ರವಾರವೂ ಕ್ಲಿವೊನ್ ಕೂಡ ಒಂದೇ ದಿನ ಬೀಳುವುದು 35 ದಿನಕ್ಕೊಮ್ಮೆ. ಆ ರಾತ್ರಿ ದೆವ್ವಗಳಿಗೆ ಬಲ ಜಾಸ್ತಿ ಅನ್ನುವುದು ಹಳೆಯ ನಂಬಿಕೆ. ಇಂಡೊನೇಷ್ಯಾದ ಹಾರರ್ ರಾಣಿ ಎನಿಸಿಕೊಂಡ ಸುಜನ್ನಾ ಅವರ 1986ರ ಒಂದು ಸಿನಿಮಾದ ಹೆಸರೇ ಅದು. ಈ ಕೋಣೆಯವರು ಪ್ರಚಾರಕ್ಕೆ ಅಂತ ಆ ರಾತ್ರಿ ಆರಿಸಿಕೊಂಡಿದ್ದಾರೆ ಅಂತ ಅನಿಸಬಹುದು. ಆದರೆ ಒಳಗೆ ಕೂತು ನೋಡಿದರೆ ಗೊತ್ತಾಗುತ್ತದೆ, ಬರುವವರಲ್ಲಿ ಅರ್ಧಕ್ಕರ್ಧ ಜನ ಆ ರಾತ್ರಿಯನ್ನು ನಿಜವಾಗಿಯೂ ಲೆಕ್ಕಕ್ಕೆ ತೆಗೆದುಕೊಳ್ಳುವವರು.

ಸಿನಿಮಾ ಶುರುವಾಗುವುದು ಏಳೂವರೆಗೆ, ಇಶಾ ನಮಾಜ್ ಆದ ಮೇಲೆ. ಬಾಗಿಲಲ್ಲಿ ಗುರುತಿನ ಚೀಟಿ ನೋಡುತ್ತಾರೆ, 17 ತುಂಬದವರನ್ನು ಬಿಡುವುದಿಲ್ಲ. ಫೋನನ್ನು ಒಂದು ಬಟ್ಟೆ ಚೀಲಕ್ಕೆ ಹಾಕಿ ದಾರ ಎಳೆದು ನಮ್ಮ ಕೈಗೇ ಕೊಡುತ್ತಾರೆ. ಈ ಚೀಲ ನನಗೆ ತುಂಬಾ ಹಿಡಿಸಿತು. ಇಲ್ಲಿನ ದೊಡ್ಡ ಥಿಯೇಟರ್‌ಗಳಲ್ಲಿ ದೆವ್ವ ಬಂದ ಕೂಡಲೇ ಪರದೆಯನ್ನೇ ವಿಡಿಯೋ ಮಾಡಿ ಸ್ಟೋರಿಗೆ ಹಾಕುವವರ ಕಾಟ ಇದ್ದದ್ದೇ. ಈ ಕೋಣೆಯಲ್ಲಿ ಕತ್ತಲು ಅಂದರೆ ಕತ್ತಲು.

ಈಗ ಸಿನಿಮಾಗಳ ಮಾತಿಗೆ ಬರುತ್ತೇನೆ. ಸರಣಿಯಲ್ಲಿ ಇದ್ದದ್ದು ನಾಲ್ಕು: ಹಿಡಿಯೊ ನಕಾತಾ ಅವರ ‘ರಿಂಗು’, ತಕಾಶಿ ಶಿಮಿಜು ಅವರ ‘ಜು-ಆನ್’, ಮತ್ತೆ ನಕಾತಾ ಅವರದೇ ‘ಡಾರ್ಕ್ ವಾಟರ್’, ಕೊನೆಗೆ ಕಿಯೋಶಿ ಕುರೊಸಾವಾ ಅವರ ‘ಕೈರೊ’. ನಾಲ್ಕೂ 1998ರಿಂದ 2002ರ ನಡುವಿನವು. ಜಪಾನಿನ ಹಾರರ್ ಇಡೀ ಏಷ್ಯಾವನ್ನು ಹಿಡಿದು ಅಲ್ಲಾಡಿಸಿದ ವರ್ಷಗಳು.

‘ರಿಂಗು’ ಜಪಾನಿನಲ್ಲಿ ತೆರೆಗೆ ಬಂದದ್ದು 1998ರ ಜನವರಿಯಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ಇಲ್ಲಿ ಅಧ್ಯಕ್ಷ ಸುಹಾರ್ತೊ ಅಧಿಕಾರ ಬಿಟ್ಟರು. ಕೋಣೆ ನಡೆಸುವ ಹೆಂಗಸು (ಎಲ್ಲರಿಗೂ ಅವರು ಮ್ಬಾಕ್, ಅಂದರೆ ಅಕ್ಕ) ಪರದೆ ಮುಂದೆ ನಿಂತು ಹೇಳಿದ್ದು ಈ ಎರಡು ದಿನಾಂಕ ಮಾತ್ರ. ಉದ್ದ ಭಾಷಣ ಇಲ್ಲ. ಲೈಟ್ ಆಫ್.

ಕತೆ ಬಹಳ ಜನರಿಗೆ ಗೊತ್ತು. ಒಂದು ವಿಡಿಯೋ ಟೇಪ್. ನೋಡಿದ ಕೂಡಲೇ ಫೋನ್ ರಿಂಗಾಗುತ್ತದೆ. ಏಳು ದಿನಕ್ಕೆ ಸಾವು. ಪತ್ರಕರ್ತೆ ರೇಕೊ ಆ ಟೇಪಿನ ಮೂಲ ಹುಡುಕುತ್ತಾ ಹೋಗುತ್ತಾಳೆ. ಆ ಟೇಪಿನ ಹಿಂದೆ ಸಡಾಕೊ ಎಂಬ ಹುಡುಗಿ ಇದ್ದಾಳೆ, ಬಾವಿಗೆ ತಳ್ಳಿಸಿಕೊಂಡು ಸತ್ತವಳು. ಬಿಳಿ ಬಟ್ಟೆ, ಮುಖ ಮುಚ್ಚುವ ಉದ್ದ ಕಪ್ಪು ಕೂದಲು.

ಬಿಳಿ ಬಟ್ಟೆ, ಬಿಟ್ಟ ಕೂದಲಿನ ಹೆಣ್ಣು ದೆವ್ವ ಇಂಡೊನೇಷ್ಯಾದವರಿಗೆ ಹೊಸದಲ್ಲ. ಇಲ್ಲಿ ಕುಂತಿಲಾನಾಕ್ ಇದ್ದಾಳೆ. ಬಸುರಿಯಾಗಿದ್ದಾಗಲೋ ಹೆರಿಗೆಯಲ್ಲೋ ಸತ್ತ ಹೆಂಗಸು. ಬೆನ್ನಲ್ಲಿ ತೂತು ಇರುವ ಸುಂದೆಲ್ ಬೊಲೊಂಗ್ ಇದ್ದಾಳೆ, 1981ರಲ್ಲಿ ಸುಜನ್ನಾ ಆ ಪಾತ್ರ ಮಾಡಿ ಇಡೀ ದೇಶವನ್ನು ಹೆದರಿಸಿದ್ದರು. ಹಾಗಾಗಿ ಸಡಾಕೊ ಇಲ್ಲಿಗೆ ಬಂದಾಗ ಪರಿಚಯ ಮಾಡಿಕೊಡಬೇಕಾಗಲಿಲ್ಲ. ಜಪಾನಿ ಹಾರರ್ ಇಲ್ಲಿ ಯಾಕೆ ನಾಟಿತು ಅಂದರೆ ಎಲ್ಲರೂ ಕೊಡುವ ಉತ್ತರ ಇದೇ. ತಪ್ಪಲ್ಲ. ಆದರೆ ನನಗೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದು ಇದೆ ಅನಿಸುತ್ತದೆ. ಅದು ಕಣ್ಣಿಗಲ್ಲ, ಕಿವಿಗೆ ಸಂಬಂಧಿಸಿದ್ದು. ನಾನು ಜಾಹೀರಾತುಗಳಿಗೆ ಸೌಂಡ್ ಮಿಕ್ಸಿಂಗ್ ಮಾಡುವವಳು, ಸಿನಿಮಾ ನೋಡುವಾಗಲೂ ಮೊದಲು ಕಿವಿಯೇ ಓಡುತ್ತದೆ.

ಕುಂತಿಲಾನಾಕ್ ಬಗ್ಗೆ ಇಲ್ಲಿನ ಮಕ್ಕಳು ಚಿಕ್ಕಂದಿನಲ್ಲೇ ಕೇಳಿ ಬೆಳೆಯುವ ಒಂದು ಮಾತಿದೆ. ಅವಳ ಸದ್ದು ಜೋರಾಗಿ ಕೇಳಿದರೆ ಹೆದರಬೇಡ, ಅವಳು ದೂರ ಇದ್ದಾಳೆ. ಮೆಲ್ಲಗೆ ಕೇಳಿದರೆ ಹತ್ತಿರ ಬಂದಿದ್ದಾಳೆ.

ಇದನ್ನು ತಲೆಯಲ್ಲಿ ಇಟ್ಟುಕೊಂಡು ‘ರಿಂಗು’ ನೋಡಿ. ಮೊದಲ ದೃಶ್ಯದಲ್ಲಿ ಇಬ್ಬರು ಶಾಲಾ ಹುಡುಗಿಯರು ಮನೆಯಲ್ಲಿ ಹರಟೆ ಹೊಡೆಯುತ್ತಿದ್ದಾರೆ. ಟೇಪಿನ ಕತೆ ಬರುತ್ತದೆ. ಫೋನ್ ಹೊಡೆದುಕೊಳ್ಳುತ್ತದೆ, ಇಬ್ಬರೂ ಬೆಚ್ಚುತ್ತಾರೆ, ಆದರೆ ಆ ಕಡೆ ಇರುವುದು ದೆವ್ವ ಅಲ್ಲ. ಕೋಣೆಯಲ್ಲಿ ಎಲ್ಲರೂ ನಕ್ಕರು. ಆಮೇಲೆ ಒಬ್ಬಳೇ ಅಡುಗೆಮನೆಯಲ್ಲಿ ಇದ್ದಾಗ ಪಕ್ಕದ ಕೋಣೆಯ ಟೀವಿ ತಾನಾಗಿ ಶುರುವಾಗುತ್ತದೆ. ಬೇಸ್‌ಬಾಲ್ ಪಂದ್ಯ. ಅವಳು ಹೋಗಿ ಆಫ್ ಮಾಡುತ್ತಾಳೆ. ಜನರ ಗದ್ದಲ ಇದ್ದದ್ದು ನಿಂತುಹೋಗುತ್ತದೆ. ನಮ್ಮ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಎಳೆದುಕೊಂಡದ್ದು ಆ ಕ್ಷಣದಲ್ಲಿ. ದೆವ್ವ ಬಂದಾಗ ಅಲ್ಲ, ಸದ್ದು ನಿಂತಾಗ. ನನ್ನ ಪಕ್ಕದಲ್ಲಿದ್ದ ಹುಡುಗಿ ಹಿಜಾಬಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಆಯತ್ ಕುರ್ಸಿ (ಕಾಪಾಡು ಅಂತ ಹೇಳಿಕೊಳ್ಳುವ ಕುರಾನಿನ ಸಾಲು) ಹೇಳಲು ಶುರುಮಾಡಿದ್ದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಪರದೆ ಮೇಲೆ ಇನ್ನೂ ಏನೂ ಆಗಿರಲಿಲ್ಲ!

ಸಡಾಕೊ ಟೀವಿಯಿಂದ ಹೊರಗೆ ಬರುವ ದೃಶ್ಯವೂ ಹೀಗೆಯೇ. ಕರ್ಕಶವಾದ ಒಂದು ಲೋಹದ ಸದ್ದು ಹಿಂದೆ ಎಳೆಯುತ್ತಿರುತ್ತದೆ. ಅವಳ ಬಾಯಿಂದ ಒಂದು ಮಾತಿಲ್ಲ, ನಗು ಇಲ್ಲ, ಕಿರುಚಾಟ ಇಲ್ಲ. ಆ ಪಾತ್ರ ಮಾಡಿದ ರಿಯೆ ಇನೊ ಜಪಾನಿನ ಸಾಂಪ್ರದಾಯಿಕ ರಂಗಕಲೆ ಕಬುಕಿ ಕಲಿತವರು. ಅವರನ್ನು ಹಿಂದಕ್ಕೆ ನಡೆಸಿ ಚಿತ್ರೀಕರಿಸಿ, ಆಮೇಲೆ ಫಿಲ್ಮನ್ನು ಉಲ್ಟಾ ಓಡಿಸಿದ್ದಾರೆ. ನಡಿಗೆ ಮುಂದಕ್ಕೆ ಬರುತ್ತಿದೆ, ಆದರೆ ಮೈಯ ಭಾರ ಎಲ್ಲೋ ತಪ್ಪಿದೆ. ಕಂಪ್ಯೂಟರ್ ಇಲ್ಲದೆ ಮಾಡಿದ ಈ ಕೆಲಸ ಇವತ್ತಿಗೂ ಹಳತಾಗಿಲ್ಲ. ಇಂಡೊನೇಷ್ಯಾದ ಹಳೆಯ ಹಾರರ್‌ನಲ್ಲಿ ದೆವ್ವ ನಗುತ್ತದೆ, ಮಾತಾಡುತ್ತದೆ, ಸುಜನ್ನಾ ಅವರ ದೆವ್ವ ಸಾತೆ (ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ) ಗಾಡಿಯ ಹತ್ತಿರ ಹೋಗಿ ತಿನ್ನಲು ಕೂಡ ಕೇಳುತ್ತದೆ. ಅಷ್ಟೆಲ್ಲ ಮಾತಾಡುವ ದೆವ್ವಗಳನ್ನು ನೋಡಿ ಬೆಳೆದ ಜನರ ಮುಂದೆ ಸದ್ದೇ ಮಾಡದ ಒಬ್ಬಳು ಬಂದು ನಿಂತರೆ? ಚಿಕ್ಕಂದಿನ ಲೆಕ್ಕದ ಪ್ರಕಾರ ಅವಳು ಪಕ್ಕದಲ್ಲೇ ಇದ್ದಾಳೆ. ಅಮೆರಿಕದಲ್ಲಿ, ಯೂರೋಪಿನಲ್ಲಿ ಈ ಸಿನಿಮಾಗಳನ್ನು ‘ನಿಧಾನ’ ಅಂದು ಹೊಗಳುತ್ತಾರೆ. ಇಲ್ಲಿ ಯಾರಿಗೂ ಇದು ನಿಧಾನ ಅನಿಸುವುದಿಲ್ಲ. ಮೌನ ಇರುವ ಕಡೆಯೆಲ್ಲ ಇವರಿಗೆ ಏನೋ ನಡೆಯುತ್ತಲೇ ಇದೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ದೊಡ್ಡ ದೂರು ಯಾವುದು ಅಂತ ನೀವೇ ಊಹಿಸಬಹುದು. ಏಸಿ.

ಆ ಕೋಣೆಯ ಏಸಿ ಹಳೆಯದು. ಪರದೆಯ ಬಲಗಡೆ ಗೋಡೆ ಮೇಲೆ ಇದೆ. ಬರೀ ಗಾಳಿಯ ಸದ್ದು ಆಗಿದ್ದರೆ ಕಿವಿ ಸ್ವಲ್ಪ ಹೊತ್ತಿಗೆ ಒಗ್ಗಿಕೊಳ್ಳುತ್ತದೆ. ಇದು ಹಾಗಲ್ಲ. ಕೆಲವು ನಿಮಿಷಕ್ಕೊಮ್ಮೆ ಕಂಪ್ರೆಸರ್ ಹತ್ತಿಕೊಳ್ಳುತ್ತದೆ, ಒಂದು ಗುಂಯ್ ಸದ್ದು ಏರಿ ಆಮೇಲೆ ಇಳಿಯುತ್ತದೆ. ಸಿನಿಮಾದಲ್ಲಿ ಜಾಗ್ರತೆಯಿಂದ ಕಟ್ಟಿದ ಮೌನದ ಮೇಲೆ ಅದು ಬಂದು ಕೂರುತ್ತದೆ. ಕೆಂಜಿ ಕವಾಯಿ ‘ರಿಂಗು’ಗೆ ಕೊಟ್ಟಿರುವ ಸಂಗೀತದಲ್ಲಿ ಕೆಳಸ್ಥಾಯಿಯ ಗುಂಯ್ ಸದ್ದುಗಳು ಬೇಕಾದಷ್ಟಿವೆ. ಯಾವುದು ಸಂಗೀತ, ಯಾವುದು ಕಂಪ್ರೆಸರ್ ಅಂತ ಎರಡು ಕಡೆ ನನಗೂ ಗೊತ್ತಾಗಲಿಲ್ಲ. ನಲವತ್ತು ಜನ ಮುಚ್ಚಿದ ಕೋಣೆಯಲ್ಲಿ ಕೂರುವಾಗ ಜಕಾರ್ತಾದ ಸೆಕೆಗೆ ಏಸಿ ಬೇಡ ಅನ್ನಲು ಆಗುವುದಿಲ್ಲ, ಅದು ನನಗೂ ಅರ್ಥವಾಗುತ್ತದೆ.

ಮುಗಿದ ಮೇಲೆ ಹೋಗಿ ಹೇಳಿದೆ.

“ಮ್ಬಾಕ್, ಸ್ಪೀಕರ್ ಚೆನ್ನಾಗಿದೆ. ಏಸಿ ಮಾತ್ರ ಸಿನಿಮಾನ ತಿಂದುಹಾಕ್ತಿದೆ.”

“ಗೊತ್ತು ಮ್ಬಾಕ್. ಹೊಸದು ಹಾಕಿಸೋಕೆ ದುಡ್ಡು ಸೇರಿಸ್ತಾ ಇದ್ದೀವಿ. ಅಲ್ಲೀವರೆಗೂ ಏನು ಮಾಡಲಿ ಹೇಳಿ.”

“ಸಿನಿಮಾಗೆ ಒಂದು ಗಂಟೆ ಮೊದಲೇ ಕೋಣೆ ಪೂರ್ತಿ ತಣ್ಣಗೆ ಮಾಡಿಬಿಡಿ. ಶುರುವಾದ ಮೇಲೆ ಬರೀ ಫ್ಯಾನ್ ಮೋಡಲ್ಲಿ ಇಡಿ. ಕಂಪ್ರೆಸರ್ ಹತ್ತಿಕೊಳ್ಳಲ್ಲ.”

ಮುಂದಿನ ಪ್ರದರ್ಶನಕ್ಕೆ ಹಾಗೇ ಮಾಡಿದರು. ಮೊದಲ ಒಂದು ಗಂಟೆ ಅದ್ಭುತ. ಆಮೇಲೆ ಸೆಕೆ ತಡೆಯಲಾಗದೆ ಯಾರೋ ಕೇಳಿದರು, ಮತ್ತೆ ಹಾಕಿದರು. ಪೂರ್ತಿ ಪರಿಹಾರ ಅಲ್ಲ. ಆದರೆ ಹೇಳಿದ್ದನ್ನು ಕೇಳಿಸಿಕೊಂಡು ಮಾಡಿ ನೋಡುವ ಜಾಗ ಇದು ಅನ್ನುವುದಕ್ಕಾಗಿ ಇಷ್ಟು ಬರೆದೆ.

‘ರಿಂಗು’ ಆದ ಮೇಲಿನ ಮಾತುಕತೆ ಸಿನಿಮಾದಷ್ಟೇ ಚೆನ್ನಾಗಿತ್ತು. ಇಲ್ಲಿ ಕತೆಯ ಕೊನೆ ಹೇಳಬೇಕಾಗುತ್ತದೆ, ನೋಡದವರು ಮುಂದಿನ ಎರಡು ಪ್ಯಾರಾ ದಾಟಿ ಹೋಗಿ.

ರೇಕೊ ಬಾವಿಗೆ ಇಳಿದು ಸಡಾಕೊಳ ಎಲುಬು ಹುಡುಕುತ್ತಾಳೆ. ತಲೆಬುರುಡೆಯನ್ನು ಎದೆಗೆ ಅಪ್ಪಿಕೊಳ್ಳುತ್ತಾಳೆ. ಗಡುವು ದಾಟಿದರೂ ಅವಳು ಸಾಯುವುದಿಲ್ಲ. ನಮಗೆ ಕತೆ ಮುಗಿಯಿತು ಅನಿಸುತ್ತದೆ. ಮುಗಿದಿಲ್ಲ. ಮಾರನೇ ದಿನ ಸಡಾಕೊ ಅವಳ ಮಾಜಿ ಗಂಡನನ್ನು ಕೊಲ್ಲುತ್ತಾಳೆ. ಎಲುಬು ಮೇಲೆತ್ತಿದ್ದರಿಂದ ಏನೂ ಆಗಿಲ್ಲ. ಟೇಪಿನ ಪ್ರತಿ ಮಾಡಿ ಇನ್ನೊಬ್ಬರಿಗೆ ತೋರಿಸಿದರೆ ಮಾತ್ರ ನೀವು ಬದುಕುತ್ತೀರಿ. ಇದು ಸಭೆಯಲ್ಲಿದ್ದ ಬಹಳ ಜನರಿಗೆ ನುಂಗಲಾರದ ತುತ್ತಾಗಿತ್ತು. ಜಾವಾದಲ್ಲಿ ಸತ್ತವರಿಗೆ ತಹ್ಲೀಲಾನ್ ಮಾಡುತ್ತಾರೆ. ಮೂರನೇ ದಿನ, ಏಳನೇ ದಿನ, ನಲವತ್ತನೇ, ನೂರನೇ, ಸಾವಿರನೇ ದಿನ ಅಂತ ನೆರೆಹೊರೆ ಎಲ್ಲ ಸೇರಿ ಪ್ರಾರ್ಥನೆ. ಬದುಕಿರುವವರು ತಮ್ಮ ಕೆಲಸ ಸರಿಯಾಗಿ ಮಾಡಿದರೆ ಸತ್ತವರಿಗೆ ಶಾಂತಿ ಅನ್ನುವ ಲೆಕ್ಕ. ಒಬ್ಬ ಹೆಂಗಸು ನೇರವಾಗಿ ಕೇಳಿದರು: “ಮಣ್ಣು ಮಾಡಿದ ಮೇಲೂ ಕೋಪ ಹೋಗಲ್ಲ ಅಂದ್ರೆ, ಮತ್ತೆ ಏನು ಮಾಡಬೇಕಿತ್ತು?” ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಸಿನಿಮಾವೂ ಕೊಡುವುದಿಲ್ಲ, ಅಲ್ವಾ?

ಸುಹಾರ್ತೊ ಕಾಲದ ಇಂಡೊನೇಷ್ಯಾದ ಹಾರರ್‌ನಲ್ಲಿ ಕೊನೆಗೆ ಒಬ್ಬ ಕ್ಯಾಯಿ, ಅಂದರೆ ಧರ್ಮಗುರು, ಬರುತ್ತಿದ್ದರು. ದೆವ್ವ ಸುಟ್ಟುಹೋಗುತ್ತಿತ್ತು, ಊರು ಉಳಿಯುತ್ತಿತ್ತು. 1980ರ ‘ಪೆಂಗಬ್ದಿ ಸೆತಾನ್’ ಮುಗಿಯುವುದು ಹಾಗೆಯೇ. ಅದೇ ಸಿನಿಮಾವನ್ನು 2017ರಲ್ಲಿ ಜೊಕೊ ಅನ್ವರ್ ಮತ್ತೆ ಮಾಡಿದರು, 40 ಲಕ್ಷಕ್ಕೂ ಜಾಸ್ತಿ ಜನ ಥಿಯೇಟರ್‌ಗೆ ಹೋಗಿ ನೋಡಿದರು. ಅದರಲ್ಲಿ ಉಸ್ತಾದ್ ಕೈಯಲ್ಲಿ ಏನೂ ಆಗುವುದಿಲ್ಲ, ಅವರೇ ಸಾಯುತ್ತಾರೆ. ಈ ಎರಡು ಸಿನಿಮಾಗಳ ನಡುವೆ ಏನೇನು ಬಂದು ಹೋಯಿತು ಅಂತ ಕೇಳಿದರೆ, ರಾಜಕೀಯ ಬದಲಾಯಿತು, ಸೆನ್ಸಾರ್ ಬದಲಾಯಿತು, ಮತ್ತು ಒಂದು ಇಡೀ ತಲೆಮಾರು ಸಡಾಕೊಳನ್ನು ನೋಡಿತು. ಯಾರೂ ಬಂದು ಕಾಪಾಡದ ಕತೆಯನ್ನು ಇಲ್ಲಿನ ಪ್ರೇಕ್ಷಕರು ಸಹಿಸಿಕೊಳ್ಳಲು ಕಲಿತದ್ದರಲ್ಲಿ ಜಪಾನಿನ ಪಾಲು ಸಣ್ಣದಲ್ಲ ಅಂತ ನಾನು ನಂಬುತ್ತೇನೆ.

ಆ ತಲೆಮಾರು ನೋಡಿದ್ದು ಹೆಚ್ಚಾಗಿ ಥಿಯೇಟರ್‌ನಲ್ಲಲ್ಲ, ವಿಸಿಡಿಯಲ್ಲಿ. ಗ್ಲೊಡೊಕ್ ಮಾರ್ಕೆಟ್ಟಿನ ಕಳ್ಳ ಪ್ರತಿಗಳು, ಬೀದಿಗೊಂದು ಬಾಡಿಗೆ ಅಂಗಡಿ. ಸಭೆಯಲ್ಲಿದ್ದ ಹಿರಿಯರೊಬ್ಬರು, ಎಲ್ಲರಿಗೂ ಅವರು ಪಾಕ್ (ಹಿರಿಯ ಗಂಡಸರನ್ನು ಕರೆಯುವ ಮಾತು), ಅದನ್ನು ವಿವರವಾಗಿ ಹೇಳಿದರು. ಒಂದು ಸಿನಿಮಾ ಒಂದು ವಿಸಿಡಿಯಲ್ಲಿ ಹಿಡಿಸುವುದಿಲ್ಲ, ಎರಡು ಡಿಸ್ಕ್ ಬೇಕು. ನಡುವೆ ಎಲ್ಲೋ ಚಿತ್ರ ತುಂಡಾಗಿ ಪರದೆ ನೀಲಿ ಆಗುತ್ತದೆ. ಯಾರಾದರೂ ಎದ್ದು ಹೋಗಿ ಎರಡನೇ ಡಿಸ್ಕ್ ಹಾಕಬೇಕು. ಪ್ಲೇಯರ್ ಇರುವುದು ಟೀವಿಯ ಕೆಳಗೆ. “ಬೇರೆ ಸಿನಿಮಾ ಆದ್ರೆ ಚಿಕ್ಕವರು ಓಡಿ ಹೋಗಿ ಹಾಕ್ತಿದ್ವಿ. ಇದಕ್ಕೆ ಮಾತ್ರ ಯಾರೂ ಏಳ್ತಿರ್ಲಿಲ್ಲ. ಕೊನೆಗೆ ಅಮ್ಮ ಅಡುಗೆಮನೆಯಿಂದ ಬಂದು ಹಾಕಿಕೊಟ್ಟು ಹೋಗ್ತಿದ್ರು.” ಅವರು ಟೀವಿ ಮುಂದೆ ಮಂಡಿಯೂರಿ ಕೂತು, ಮುಖ ಪಕ್ಕಕ್ಕೆ ತಿರುಗಿಸಿಕೊಂಡು, ಬರೀ ಕೈ ಚಾಚಿ ಟ್ರೇ ತಳ್ಳುವುದನ್ನು ಮಾಡಿ ತೋರಿಸಿದರು. ಕಳ್ಳ ಪ್ರತಿಯ ಸಬ್‌ಟೈಟಲ್ ಅರ್ಧಕ್ಕರ್ಧ ಅರ್ಥವಾಗುತ್ತಿರಲಿಲ್ಲವಂತೆ. ಹೆದರಿಕೆಗೆ ಅದರಿಂದ ಏನೂ ಕಡಿಮೆ ಆಗಲಿಲ್ಲವಂತೆ.

ಈ ಕೋಣೆಯ ಸಬ್‌ಟೈಟಲ್ ಬಗ್ಗೆ ಮೆಚ್ಚುಗೆಯ ಮಾತು ಹೇಳಲೇಬೇಕು. ಬರೀ ಸಂಭಾಷಣೆಗೆ ಅಲ್ಲ, ಪರದೆ ಮೇಲೆ ಕಾಣುವ ಬರಹಕ್ಕೂ ಹಾಕಿದ್ದಾರೆ. ‘ರಿಂಗು’ನಲ್ಲಿ ದಿನಾಂಕಗಳು ಬರುತ್ತವೆ, ಹಳೆಯ ಪತ್ರಿಕೆಯ ತುಣುಕು ಬರುತ್ತದೆ, ಟೇಪಿನೊಳಗೆ ಅಕ್ಷರಗಳು ಹುಳದ ಹಾಗೆ ಹರಿದಾಡುತ್ತವೆ. ಇಜು ಓಶಿಮಾ ದ್ವೀಪದ ಮಿಹಾರಾ ಜ್ವಾಲಾಮುಖಿಯ ಸುಳಿವು ಅಲ್ಲೇ ಇರುವುದು. ನಾನು ಮನೆಯಲ್ಲಿ ಚಂದಾ ಕಟ್ಟಿ ನೋಡುವ ಸ್ಟ್ರೀಮಿಂಗ್‌ನಲ್ಲಿ ಇವು ಯಾವುದಕ್ಕೂ ಸಬ್‌ಟೈಟಲ್ ಇರಲಿಲ್ಲ. ಟೈಮಿಂಗ್ ಕೂಡ ಚೆನ್ನಾಗಿದೆ. ಪಾತ್ರ ಬಾಯಿ ತೆರೆಯುವ ಮೊದಲೇ ಅಕ್ಷರ ಬಂದು ಗುಟ್ಟು ಬಿಟ್ಟುಕೊಡುವುದಿಲ್ಲ. ಹಾರರ್‌ಗೆ ಇದು ಎಷ್ಟು ಮುಖ್ಯ ಅಂತ ಸಿನಿಮಾ ಹಾಳಾದಾಗಲೇ ತಿಳಿಯುವುದು. ಒಂದೇ ಕೊರತೆ: ‘ಡಾರ್ಕ್ ವಾಟರ್’ನಲ್ಲಿ ಬೂದು ಗೋಡೆ, ಬೂದು ಆಕಾಶದ ಮೇಲೆ ಬಿಳಿ ಅಕ್ಷರ ಕಾಣಿಸಲೇ ಇಲ್ಲ. ಅಕ್ಷರಕ್ಕೆ ಒಂದು ಕಪ್ಪು ಅಂಚು ಕೊಟ್ಟರೆ ಸಾಕು.

‘ಜು-ಆನ್’ ರಾತ್ರಿ ಅಂದರೆ ಗಲಾಟೆ. ಕೋಣೆ ಪೂರ್ತಿ ಕಿರುಚಾಟ, ನಗು, ಒಬ್ಬರನ್ನೊಬ್ಬರು ಹಿಡಿದುಕೊಳ್ಳುವುದು. ಅದರ ಹೆಣ್ಣು ದೆವ್ವ ಕಯಾಕೊ ಗಂಟಲಿಂದ ಹೊರಡಿಸುವ ಆ ಕಟಕಟ ಸದ್ದನ್ನು ನಿರ್ದೇಶಕ ಶಿಮಿಜು ತಾವೇ ಮಾಡಿದ್ದಂತೆ. ಚಹಾದ ಸಾಲಿನಲ್ಲಿ ನಿಂತಿದ್ದ ಹುಡುಗರೆಲ್ಲ ಅದನ್ನೇ ಮಾಡುತ್ತಿದ್ದರು. ಹೊದಿಕೆಯೊಳಗೆ ದೆವ್ವ ಬರುವ ದೃಶ್ಯಕ್ಕೆ ಮಾತ್ರ ಎಲ್ಲರೂ ಬಾಯಿ ಮುಚ್ಚಿದರು. ಹೊದಿಕೆ ಹೊದ್ದರೆ ದೆವ್ವ ಏನೂ ಮಾಡಲ್ಲ ಅನ್ನುವುದು ಇಲ್ಲಿಯೂ ಮಕ್ಕಳ ನಂಬಿಕೆ ಇರಬೇಕು, ಆ ಮೌನ ನೋಡಿದರೆ ಹಾಗನಿಸಿತು. ನನ್ನ ಮಟ್ಟಿಗೆ ನಾಲ್ಕರಲ್ಲಿ ಇದು ಕೊನೆಯದು. ಒಂದಾದ ಮೇಲೊಂದು ಹೆದರಿಸುವ ತುಣುಕುಗಳು, ನಡುವೆ ಮನಸ್ಸು ನಿಲ್ಲಲು ಜಾಗ ಕೊಡುವುದಿಲ್ಲ. ಗೆಳೆಯರ ಗುಂಪಿನ ಜೊತೆ ಹೋಗುವವರಿಗೆ ಇದೇ ಸರಿ.

‘ಡಾರ್ಕ್ ವಾಟರ್’ ಬಗ್ಗೆ ಹಾಗೆ ಎರಡು ಮಾತಲ್ಲಿ ಮುಗಿಸಲು ಆಗುವುದಿಲ್ಲ.

ಗಂಡನಿಂದ ಬೇರೆಯಾಗುತ್ತಿರುವ ಯೋಶಿಮಿ, ಪುಟ್ಟ ಮಗಳು ಇಕುಕೊಳನ್ನು ಕಟ್ಟಿಕೊಂಡು ಹಳೆಯ ಅಪಾರ್ಟ್‌ಮೆಂಟಿಗೆ ಬರುತ್ತಾಳೆ. ಮಗಳು ಯಾರ ಹತ್ತಿರ ಇರಬೇಕು ಅನ್ನುವ ಜಗಳ ಇನ್ನೂ ನಡೆಯುತ್ತಿದೆ. ಮನೆಯ ಚಾವಣಿಯಲ್ಲಿ ಒಂದು ನೀರಿನ ಕಲೆ. ದಿನಾ ದೊಡ್ಡದಾಗುತ್ತದೆ. ಮೇಲಿನ ಮನೆಯಲ್ಲಿ ಯಾರೂ ಇಲ್ಲ, ಆದರೂ ಓಡಾಡುವ ಸದ್ದು. ಬಿಸಾಡಿದಷ್ಟೂ ವಾಪಸ್ ಬರುವ ಒಂದು ಕೆಂಪು ಬ್ಯಾಗು. ಕೊನೆಗೆ ದಾರಿ ಹೋಗಿ ನಿಲ್ಲುವುದು ಕಟ್ಟಡದ ತಾರಸಿ ಮೇಲಿನ ನೀರಿನ ಟ್ಯಾಂಕಿಗೆ.

ಟ್ಯಾಂಕು ಪರದೆ ಮೇಲೆ ಬಂದ ಕೂಡಲೇ ಹಿಂದಿನ ಸಾಲಿನಿಂದ ಯಾರೋ ಒಬ್ಬರು “ತೊರೆನ್...” ಅಂದರು, ನರಳಿದ ಹಾಗೆ. ಇಲ್ಲಿ ಆ ಟ್ಯಾಂಕಿಗೆ ಅದೇ ಹೆಸರು. ಜಕಾರ್ತಾದ ಮನೆಗಳ ಮೇಲೆ ಕಿತ್ತಳೆ, ನೀಲಿ ತೊರೆನ್ ಎಲ್ಲೆಲ್ಲೂ ಕಾಣುತ್ತವೆ. ದಿನಾ ಮುಖ ತೊಳೆಯುವ ನೀರು ಅದರಿಂದ ಇಳಿದು ಬರುವುದು. ಆ ಒಂದು ಮಾತಿಗೆ ಕೋಣೆ ಪೂರ್ತಿ ತಣ್ಣಗಾಯಿತು. ಪ್ರದರ್ಶನ ನಡೆದದ್ದು ಮಳೆಗಾಲದಲ್ಲಿ, ಹೊರಗೆ ಮಳೆ ಸುರಿಯುತ್ತಿತ್ತು. ಜನವರಿ, ಫೆಬ್ರವರಿ ಬಂದರೆ ಜಕಾರ್ತಾದಲ್ಲಿ ಪ್ರವಾಹದ ಸುದ್ದಿ ತಪ್ಪಿದ್ದಲ್ಲ. ನೀರು ಮನೆಯೊಳಗೆ ಬರುವುದು ಅಂದರೆ ಏನು ಅಂತ ಆ ಸಭೆಗೆ ಸಿನಿಮಾ ಹೇಳಿಕೊಡಬೇಕಾಗಿರಲಿಲ್ಲ. ತೊಟ್ಟಿಕ್ಕುವ ಸದ್ದು ಎಡಗಡೆ ಸ್ಪೀಕರಿನಿಂದ ಬರುತ್ತಿತ್ತು, ಒಬ್ಬರಾದ ಮೇಲೆ ಒಬ್ಬರು ಕತ್ತೆತ್ತಿ ನಮ್ಮದೇ ಚಾವಣಿ ನೋಡಿದರು. ಆ ಮಟ್ಟಿಗೆ ಸ್ಪೀಕರ್ ಜೋಡಿಸಿದವರಿಗೆ ನನ್ನ ನಮಸ್ಕಾರ.

ಇನ್ನೂ ಒಂದು ವಿಷಯ. ಕುಂತಿಲಾನಾಕ್ ಮಗು ಕಳೆದುಕೊಂಡ ತಾಯಿ. ‘ಡಾರ್ಕ್ ವಾಟರ್’ನ ದೆವ್ವ ತಾಯಿಗಾಗಿ ಕಾಯುತ್ತಿರುವ ಮಗು, ಹಳದಿ ರೇನ್‌ಕೋಟ್ ಹಾಕಿದ ಹುಡುಗಿ. ಕೊನೆಗೆ ಯೋಶಿಮಿ ತನ್ನ ಮಗಳನ್ನು ಉಳಿಸಲು ಆ ಸತ್ತ ಮಗುವಿಗೆ ತಾನೇ ತಾಯಿಯಾಗಿ ಲಿಫ್ಟಿನಲ್ಲಿ ಹೊರಟುಹೋಗುತ್ತಾಳೆ. ‘ರಿಂಗು’ ಮುಗಿದಾಗ ಎಲ್ಲರೂ ಮಾತಾಡಲು ಕಾಯುತ್ತಿದ್ದರು. ಇದು ಮುಗಿದಾಗ ಹೆಂಗಸರು ಅಳುತ್ತಿದ್ದರು. ಒಬ್ಬರು ಮೈಕು ತೆಗೆದುಕೊಂಡು, ತಾವು ಮಗನನ್ನು ಅಮ್ಮನ ಮನೆಯಲ್ಲಿ ಬಿಟ್ಟು ಜಕಾರ್ತಾಕ್ಕೆ ಕೆಲಸಕ್ಕೆ ಬಂದಿದ್ದೇನೆ ಅಂದರು. ಅಷ್ಟೇ ಹೇಳಿ ಮೈಕು ವಾಪಸ್ ಕೊಟ್ಟರು. ಮ್ಬಾಕ್ ಆಮೇಲೆ ಚರ್ಚೆ ಮುಂದುವರಿಸಲಿಲ್ಲ, ಎಲ್ಲರಿಗೂ ಇನ್ನೊಂದು ಲೋಟ ಟೀ ಕೊಡಿಸಿದರು. ಸರಿಯಾದ ನಿರ್ಧಾರ. ಚರ್ಚೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರುವವರು ಕಡಿಮೆ.

‘ಕೈರೊ’ಗೆ ಬಂದ ಪ್ರತಿಕ್ರಿಯೆ ನನಗೆ ಬೇಸರ ತಂದಿತು. 2001ರ ಸಿನಿಮಾ, ಕಾನ್ ಚಿತ್ರೋತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಪಡೆದದ್ದು. ಇಂಟರ್ನೆಟ್ ಮೂಲಕ ಸತ್ತವರು ಈ ಕಡೆಗೆ ಬರುತ್ತಾರೆ, ಬದುಕಿರುವವರು ಒಬ್ಬೊಬ್ಬರಾಗಿ ಗೋಡೆ ಮೇಲಿನ ಕಪ್ಪು ಕಲೆಯಾಗಿ ಮಾಯವಾಗುತ್ತಾರೆ. ಕೆಂಪು ಟೇಪ್ ಅಂಟಿಸಿ ಮುಚ್ಚಿದ ಬಾಗಿಲುಗಳು. ಸುಮಾರು ಎರಡು ಗಂಟೆ. ನಡುವೆಯೇ ಕೆಲವರು ಎದ್ದುಹೋದರು. ಈ ದೆವ್ವಗಳು ಯಾರ ಮೇಲೂ ಸೇಡು ತೀರಿಸಿಕೊಳ್ಳುವುದಿಲ್ಲ, ಯಾರ ಪಾಪಕ್ಕೂ ಶಿಕ್ಷೆ ಕೊಡುವುದಿಲ್ಲ. ಬರೀ ಒಂಟಿತನ. ಇದು ದೆವ್ವದ ಸಿನಿಮಾನೇ ಅಲ್ಲ ಅಂತ ಒಬ್ಬ ಹುಡುಗ ಗಟ್ಟಿಯಾಗಿ ಹೇಳಿದ. ಅವನ ಮಾತು ಒಪ್ಪಲು ನನಗೆ ಆಗಲಿಲ್ಲ. ನಾಲ್ಕರಲ್ಲಿ ನನಗೆ ಅತಿ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಇದೇ. ಒಂದು ಹೆಣ್ಣು ದೆವ್ವ ಕತ್ತಲ ಮೂಲೆಯಿಂದ ನಿಧಾನಕ್ಕೆ ನಡೆದು ಬರುತ್ತಾ ಒಂದು ಹೆಜ್ಜೆ ಎಡವಿ, ಮತ್ತೆ ನೆಟ್ಟಗೆ ನಿಲ್ಲುವ ದೃಶ್ಯ ಇದೆಯಲ್ಲ, ಅದನ್ನು ನೋಡುವಾಗ ಕಾಲು ಮಡಚಿ ದಿಂಬಿನ ಮೇಲೆ ಎಳೆದುಕೊಂಡೆ.

ಇದನ್ನು ಕೊನೆಗೆ ಇಟ್ಟದ್ದು ಕೋಣೆಯವರ ಲೆಕ್ಕಾಚಾರದ ತಪ್ಪು ಅಂತ ನನ್ನ ಅಭಿಪ್ರಾಯ. ‘ಡಾರ್ಕ್ ವಾಟರ್’ ಅಷ್ಟು ಮನಸ್ಸು ಕಲಕಿದ ಮೇಲೆ ಜನ ಇನ್ನೂ ದೊಡ್ಡದೇನೋ ಬರುತ್ತದೆ ಅಂತ ಬಂದಿದ್ದರು. ‘ಕೈರೊ’ವನ್ನು ‘ರಿಂಗು’ ಆದ ಕೂಡಲೇ ತೋರಿಸಿದ್ದರೆ, ಟೇಪಿನಿಂದ ಇಂಟರ್ನೆಟ್ಟಿಗೆ ಹೋಗುವ ದಾರಿ ತಾನಾಗಿ ಕಾಣುತ್ತಿತ್ತು.

ಇನ್ನೊಂದು ಬೇಡಿಕೆ. ಜಪಾನಿನ ಸಿನಿಮಾ ತೋರಿಸಿ ಇಂಡೊನೇಷ್ಯಾದವರ ಪ್ರತಿಕ್ರಿಯೆ ಕೇಳುವ ಜಾಗ ಇದು. ಹಾಗಿದ್ದರೆ ಇಲ್ಲಿನ ನಿರ್ದೇಶಕರ ಪ್ರತಿಕ್ರಿಯೆಯನ್ನೂ ತೋರಿಸಬೇಕು. 2001ರ ‘ಜೆಲಾಂಗ್‌ಕುಂಗ್’ ಇದೆ. ಸತ್ತೇ ಹೋಗಿದ್ದ ಇಂಡೊನೇಷ್ಯನ್ ಹಾರರ್‌ಗೆ ಜೀವ ಕೊಟ್ಟ ಸಿನಿಮಾ, ಮೊದಲು ಒಂದೇ ಥಿಯೇಟರ್‌ನಲ್ಲಿ ಶುರುವಾಗಿ ಆಮೇಲೆ ದೇಶ ಪೂರ್ತಿ ಓಡಿದ್ದು. ಅದರ ಕತ್ತಲು, ಅದರ ಸದ್ದು ನೋಡಿದರೆ ಜಪಾನ್ ಎಷ್ಟು ಒಳಗೆ ಇಳಿದಿತ್ತು ಅಂತ ಗೊತ್ತಾಗುತ್ತದೆ. 2014ರ ‘ಕಿಲ್ಲರ್ಸ್’ ಎರಡೂ ದೇಶದವರು ಸೇರಿ ಮಾಡಿದ್ದು, ಅರ್ಧ ಟೋಕಿಯೊ, ಅರ್ಧ ಜಕಾರ್ತಾ. ದೆವ್ವ ಇಲ್ಲ, ಆದರೆ ಈ ಸರಣಿಗೆ ಹೊಂದುತ್ತದೆ. ಕೇಳಿದಾಗ ಮ್ಬಾಕ್ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಹೋಗುವವರಿಗೆ ಒಂದೆರಡು ಮಾತು. ಕೂರುವುದು ನೆಲದ ಮೇಲೆ, ದಪ್ಪ ದಿಂಬಿನ ಮೇಲೆ. ಬೆನ್ನು ನೋವಿರುವವರಿಗೆ ಹಿಂದೆ ಆರು ಕುರ್ಚಿ ಇವೆ, ಬುಕ್ ಮಾಡುವಾಗಲೇ ಕೇಳಿ. ಏಸಿ ಬಲಗಡೆ ಇರುವುದರಿಂದ ಎಡಗಡೆ, ಮೂರನೇ ಸಾಲಿನಲ್ಲಿ ಕೂತರೆ ಸೌಂಡ್ ಚೆನ್ನಾಗಿ ಸಿಗುತ್ತದೆ. ಕೆಳಗಿನ ಕಾಫಿ ಅಂಗಡಿಯಲ್ಲಿ ಪಿಸಾಂಗ್ ಗೊರೆಂಗ್ (ಕರಿದ ಬಾಳೆಹಣ್ಣು) ಬಿಸಿಯಾಗಿರುತ್ತದೆ, ಆದರೆ ಮೇಲಕ್ಕೆ ತರಲು ಬಿಡುವುದಿಲ್ಲ, ಪೇಪರಿನ ಸರಪರ ಸದ್ದು ಬೇಡ ಅಂತ. ಒಳ್ಳೆಯ ನಿಯಮ. ಚರ್ಚೆ ಹತ್ತೂವರೆ ತನಕ ಹೋಗಬಹುದು, ಎಂಆರ್‌ಟಿ 11ರ ನಂತರವೂ ಸಿಗುತ್ತದೆ. ಒಬ್ಬರೇ ಬರುವ ಹೆಂಗಸರಿಗೆ ನಿಲ್ದಾಣದ ತನಕ ಕೋಣೆಯವರೇ ಯಾರನ್ನಾದರೂ ಜೊತೆಗೆ ಕಳಿಸುತ್ತಾರೆ, ಕೇಳಲು ಸಂಕೋಚ ಬೇಡ. ಮುಂದಿನ ಸರಣಿಯಲ್ಲಿ ಹಳೆಯ ಜಪಾನಿ ಸಿನಿಮಾಗಳು, 1964ರ ‘ಕ್ವೈದಾನ್’ ಮತ್ತು ‘ಒನಿಬಾಬಾ’ ಇವೆಯಂತೆ. ‘ಕ್ವೈದಾನ್’ ಮೂರು ಗಂಟೆ. ಆ ಹೊತ್ತಿಗೆ ಹೊಸ ಏಸಿ ಬಂದಿದ್ದರೆ ಸರಣಿಯ ಟಿಕೆಟ್ಟನ್ನೇ ತೆಗೆದುಕೊಳ್ಳಿ. ಬಂದಿಲ್ಲ ಅಂದರೆ ‘ಒನಿಬಾಬಾ’ಗೆ ಮಾತ್ರ ಹೋಗಿ, ಅದರಲ್ಲಿ ಡೋಲು ಜೋರಾಗಿದೆ.